ಎಟಿವಿಯ ಹಿಂದಿನ ಶಾಕ್‌ಗೆ ಬದಲಿ: ಚೀನಾದ್ದೋ, ಜೋಡಿ ಶಾಕಿನ ಒಂಟಿಯೋ, ಬೈಕಿನ ಮೋನೋಶಾಕೋ?

ಸಕಲೇಶಪುರ, ಮಡಿಕೇರಿ, ಚಿಕ್ಕಮಗಳೂರು ಕಡೆಯ ರೆಸಾರ್ಟು, ಹೋಮ್‌ಸ್ಟೇಗಳಲ್ಲಿ ಪ್ರವಾಸಿಗರನ್ನು ಹೊತ್ತು ಸುತ್ತುವ 200 ಸಿಸಿ ಆಸುಪಾಸಿನ ಎಷ್ಟೋ ಎಟಿವಿಗಳಿಗೆ (ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ) ಹಿಂದೆ ಇರುವುದು ಒಂದೇ ಶಾಕ್ (ಶಾಕ್ ಅಬ್ಸಾರ್ಬರ್). ಮಳೆಗಾಲದ ಕೆಂಪು ಕೆಸರು ಅದರ ರಾಡಿಗೆ ಅಂಟಿ, ಒಣಗಿ, ಸೀಲನ್ನು ಸವೆಸಿ ಎಣ್ಣೆಯನ್ನೆಲ್ಲ ಹೊರಗೆ ಹಾಕುತ್ತದೆ. ಅದೇ ಮಾಡೆಲ್ಲಿನ ಸ್ಪೇರ್ ಸಿಗದಿದ್ದಾಗ ಗ್ಯಾರೇಜಿನಲ್ಲಿ ಕೇಳಿಬರುವ ಮಾತು ಒಂದೇ: ‘ಉದ್ದ ಸರಿಹೋಗುತ್ತಲ್ಲ, ಹಾಕಿಬಿಡಿ.’ ಉದ್ದ ಎರಡನೆಯ ಪ್ರಶ್ನೆ. ಆ ಶಾಕ್ ಮೇಲೆ ಎಷ್ಟು ಭಾರ ಬೀಳುತ್ತದೆ ಅನ್ನುವುದು ಮೊದಲನೆಯದು. ಅದನ್ನು ಲೆಕ್ಕ ಹಾಕದೆ ಕೂರಿಸಿದ ಶಾಕ್ ಒಂದೋ ಕೂತುಬಿಡುತ್ತದೆ, ಇಲ್ಲವೇ ಕಲ್ಲಿನಂತಾಗುತ್ತದೆ.

ಹೋಲಿಕೆಗೆ ಹಿಡಿದ ಗಾಡಿಯ ಅಳತೆ ಇಷ್ಟು. ಸ್ವಿಂಗ್‌ಆರ್ಮ್ (ಹಿಂದಿನ ಆಕ್ಸೆಲನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು) ತಿರುಗುವ ಬೋಲ್ಟಿನಿಂದ ಹಿಂದಿನ ಆಕ್ಸೆಲ್‌ವರೆಗೆ 450 ಮಿ.ಮೀ. ಅದೇ ಬೋಲ್ಟಿನಿಂದ ಶಾಕ್ ನಿಂತಿರುವ ಗೆರೆಗೆ ಲಂಬವಾಗಿ ಅಳೆದರೆ 250 ಮಿ.ಮೀ. 450ನ್ನು 250ರಿಂದ ಭಾಗಿಸಿದರೆ 1.8. ಅಂದರೆ ಶಾಕ್ 10 ಮಿ.ಮೀ. ಒತ್ತಿದರೆ ಚಕ್ರ 18 ಮಿ.ಮೀ. ಮೇಲೇಳುತ್ತದೆ, ಚಕ್ರದ ಮೇಲಿನ ಭಾರ ಶಾಕಿಗೆ 1.8 ಪಟ್ಟಾಗಿ ತಟ್ಟುತ್ತದೆ. ಗಾಡಿ 190 ಕೆ.ಜಿ., ಓಡಿಸುವವರು 75 ಕೆ.ಜಿ., ಹಿಂದಿನ ಪಾಲು 55% ಅಂತ ಹಿಡಿಯಿರಿ. ಆಕ್ಸೆಲ್, ಚಕ್ರ, ಸ್ಪ್ರಾಕೆಟ್‌ಗಳ ತೂಕ ಸ್ಪ್ರಿಂಗ್ ಮೇಲೆ ಬೀಳುವುದಿಲ್ಲ, ಅದನ್ನು ಕಳೆದರೆ ಉಳಿಯುವುದು ಸುಮಾರು 110 ಕೆ.ಜಿ. ಅದು ಶಾಕಿನ ಹತ್ತಿರ 200 ಕೆ.ಜಿ. ಆಗುತ್ತದೆ. ಹಿಂದೆ ಗೈಡೂ ಹತ್ತಿದರೆ 300. ಈ ಎರಡು ಅಂಕಿ ಕೈಯಲ್ಲಿದ್ದರೆ ಉಳಿದ ಚರ್ಚೆ ಅರ್ಧ ಮುಗಿದ ಹಾಗೆ.

ನೂರು ಸಿಸಿ ಬೈಕಿನ ಜೋಡಿ ಶಾಕಿನಲ್ಲಿ ಒಂದನ್ನು ತಂದು ಹಾಕುವುದು ಎಲ್ಲಕ್ಕಿಂತ ಅಗ್ಗದ ದಾರಿ, ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಬೈಕಿನಲ್ಲಿ ಇಬ್ಬರು ಕೂತಾಗಲೂ ಅದರ ಪಾಲಿಗೆ ಬರುವುದು 80 ಕೆ.ಜಿ. ಆಸುಪಾಸು, ಇಲ್ಲಿ ಒಬ್ಬರಿಗೇ 200. ಸ್ಪ್ರಿಂಗನ್ನೇ ಅಳೆದು ನೋಡಿ: ತಂತಿ 7.5 ಮಿ.ಮೀ., ಸುರುಳಿಯ ಸರಾಸರಿ ವ್ಯಾಸ (ಹೊರವ್ಯಾಸದಲ್ಲಿ ಒಂದು ತಂತಿಯ ದಪ್ಪ ಕಳೆದದ್ದು) 50, ಕೆಲಸ ಮಾಡುವ ಸುತ್ತು (ತುದಿಯಲ್ಲಿ ಅಂಟಿಕೊಂಡವನ್ನು ಬಿಟ್ಟು) 14. ಇಂಥ ಸ್ಪ್ರಿಂಗ್ ಒಂದು ಮಿ.ಮೀ. ಒತ್ತಲು 1.8 ಕೆ.ಜಿ. ಸಾಕು. 20 ಮಿ.ಮೀ. ಪ್ರೀಲೋಡ್ (ಕೂರಿಸುವಾಗಲೇ ಸ್ಪ್ರಿಂಗನ್ನು ಒತ್ತಿಡುವುದು) ಕೊಟ್ಟರೂ 200 ಕೆ.ಜಿ.ಗೆ ಅದು ಇನ್ನೂ 90 ಮಿ.ಮೀ. ಇಳಿಯಬೇಕು. ಶಾಕಿನ ಒಟ್ಟು ಓಟವೇ (ಅದು ಒತ್ತಿಕೊಳ್ಳಬಲ್ಲ ದೂರ) ಸುಮಾರು 80. ಸೀಟಿನ ಮೇಲೆ ಕೂತ ಕೂಡಲೇ ತಳ ಮುಟ್ಟುತ್ತದೆ, ಆಮೇಲೆ ಪ್ರತಿ ಗುಂಡಿಯ ಪೆಟ್ಟೂ ನೇರ ಬ್ರಾಕೆಟ್ಟಿನ ವೆಲ್ಡಿಂಗಿಗೆ. ಒಂದೇ ದಿನದಲ್ಲಿ ರಾಡ್ ಬಾಗಿದರೆ ಆಶ್ಚರ್ಯವಿಲ್ಲ. ಎರಡನ್ನೂ ಅಕ್ಕಪಕ್ಕ ಕೂರಿಸುವ ಉಪಾಯವೂ ಇದೆ. ಒಬ್ಬರಿಗೆ ಲೆಕ್ಕದಲ್ಲಿ ಅದು ನಡೆಯುತ್ತದೆ, ಆದರೆ 80 ಮಿ.ಮೀ. ಓಟ ಚಕ್ರದಲ್ಲಿ 144 ಆಗುತ್ತದೆ, ಟೈರ್ ಮಡ್‌ಗಾರ್ಡಿಗೆ ತಾಗುತ್ತದೆ. ಇನ್ನೊಂದು ತೊಡಕು, ಈ ಶಾಕ್‌ಗಳಲ್ಲಿ ಹೆಚ್ಚಿನವು ನೆಟ್ಟಗೆ ನಿಲ್ಲಲು ಮಾಡಿದ ಎರಡು ಕೊಳವೆಯವು. ತುಂಬ ಓರೆ ಮಾಡಿದರೆ ಒಳಗಿನ ವಾಲ್ವ್ ಎಣ್ಣೆಯ ಬದಲು ಗಾಳಿ ಎಳೆದುಕೊಳ್ಳುತ್ತದೆ. ಈ ದಾರಿ ಬೇಡವೇ ಬೇಡ.

ಚೀನಾದ ರೆಡಿ ಶಾಕ್ ಉದ್ದ ನೋಡಿ ಕೊಳ್ಳುವ ಮಾಲು. ಕಣ್ಣಿನಿಂದ ಕಣ್ಣಿಗೆ (ಎರಡು ತುದಿಯ ಬೋಲ್ಟಿನ ತೂತುಗಳ ನಡುವೆ) ಅಳತೆ ಹೇಳಿದರೆ ಕೊಡುತ್ತಾರೆ, ಬೋಲ್ಟೂ ಹೆಚ್ಚಾಗಿ ಹಾಗೇ ಕೂರುತ್ತದೆ, ಲೇತ್ ಕೆಲಸವಿಲ್ಲ. ಎಡವುವುದು ಸ್ಪ್ರಿಂಗ್ ಮೇಲೆ ಬರೆದಿರುವ 750, 1000, 1200 ಎಂಬ ಪೌಂಡಿನ ಅಂಕಿಯಲ್ಲಿ. ದೊಡ್ಡ ಅಂಕಿ ಗಟ್ಟಿ ಅಂದುಕೊಂಡು 1000ದ್ದನ್ನೇ ತರುತ್ತಾರೆ. ಅದು ಒಂದು ಇಂಚು ಒತ್ತಲು ಬೇಕಾದ ಪೌಂಡು. ಮಿ.ಮೀ.ಗೆ ಒಂದು ಕೆ.ಜಿ. ಅಂದರೆ ಇಂಚಿಗೆ 56 ಪೌಂಡು. ಹಾಗಾಗಿ 1000 ಅಂದರೆ ಮಿ.ಮೀ.ಗೆ ಸುಮಾರು 18 ಕೆ.ಜಿ. ನಮಗೆ ಬೇಕಿರುವುದು 7ರ ಆಸುಪಾಸು, ಅಂದರೆ 400 ಪೌಂಡಿನದು. 18ರದ್ದನ್ನು ಹಾಕಿದರೆ ಒಬ್ಬರು ಕೂತಾಗ ಪ್ರೀಲೋಡ್ ಇಲ್ಲದೆಯೂ ಬರೀ 11 ಮಿ.ಮೀ. ಇಳಿಯುತ್ತದೆ, ಹಿಂದಿನ ಚಕ್ರ ಕಲ್ಲಿನಿಂದ ಕಲ್ಲಿಗೆ ಹಾರುತ್ತದೆ, ಸೊಂಟಕ್ಕೆ ಪೆಟ್ಟು. ಅಗ್ಗದ ತುಂಡುಗಳಲ್ಲಿ ಡ್ಯಾಂಪಿಂಗ್ (ಎಣ್ಣೆಯಿಂದ ಪುಟಿತವನ್ನು ತಡೆಯುವ ಗುಣ) ಹೆಸರಿಗೆ ಮಾತ್ರ ಇರುವುದೂ ಉಂಟು. ಎಟಿವಿ ಟೈರಿನಲ್ಲಿ ಗಾಳಿ ಕಡಿಮೆ, ಟೈರೇ ಚೆಂಡಿನ ಹಾಗೆ ಪುಟಿಯುತ್ತದೆ. ಅದನ್ನು ತಡೆಯಬೇಕಾದ ಶಾಕೂ ಪುಟಿದರೆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದಿಲ್ಲ.

ನನ್ನ ಆಯ್ಕೆ ಮೂರನೆಯದು: 150 ಸಿಸಿ ಬೈಕಿನ ಮೋನೋಶಾಕ್. 2004ರಲ್ಲಿ ಬಂದ ಹೊಂಡಾ ಯೂನಿಕಾರ್ನ್, 2008ರಲ್ಲಿ ಬಂದ ಯಮಹಾ ಎಫ್‌ಝಡ್ ಎರಡರಲ್ಲೂ ಒಂದೇ ಶಾಕ್ ಇಡೀ ಹಿಂಭಾಗವನ್ನು ಹೊರುತ್ತದೆ. ಎಟಿವಿಯಲ್ಲೂ ಅದರ ಕೆಲಸ ಅದೇ. ತಂತಿ 10.5 ಮಿ.ಮೀ., ಸರಾಸರಿ ವ್ಯಾಸ 62, ಸುತ್ತು 7 ಇರುವ ಸ್ಪ್ರಿಂಗ್ ಮಿ.ಮೀ.ಗೆ 7.3 ಕೆ.ಜಿ. ಕೊಡುತ್ತದೆ. 8 ಮಿ.ಮೀ. ಪ್ರೀಲೋಡ್ ಹಾಕಿದರೆ ಒಬ್ಬರಿಗೆ 19 ಮಿ.ಮೀ. ಇಳಿತ, ಇಬ್ಬರಿಗೆ 33. ಓಟ 60 ಇದ್ದರೆ ಮೂರರಲ್ಲೊಂದು ಪಾಲು ಇಳಿದು ಉಳಿದದ್ದು ಗುಂಡಿಗೆ ಸಿಗುತ್ತದೆ, ಬೇಕಾದದ್ದೂ ಅಷ್ಟೇ.

ನಿಮ್ಮ ಕೈಗೆ ಬಂದ ಸ್ಪ್ರಿಂಗಿಗೂ ಈ ಲೆಕ್ಕ ಮಾಡಬಹುದು. ಮಿ.ಮೀ.ನಲ್ಲಿ ತಂತಿಯ ದಪ್ಪವನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿ, ಬಂದದ್ದನ್ನು 79,000ದಿಂದ (ಉಕ್ಕಿನ ಗಡಸಿನ ಅಂಕಿ) ಗುಣಿಸಿ. ಸರಾಸರಿ ವ್ಯಾಸವನ್ನು ಹಾಗೇ ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ, ಸುತ್ತಿನ ಸಂಖ್ಯೆಯಿಂದಲೂ 8ರಿಂದಲೂ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಮಿ.ಮೀ.ಗೆ ಎಷ್ಟು ನ್ಯೂಟನ್ ಎಂದು ಬರುತ್ತದೆ, 9.8ರಿಂದ ಭಾಗಿಸಿದರೆ ಕೆ.ಜಿ. ತಂತಿಯನ್ನು ವರ್ನಿಯರ್‌ನಲ್ಲೇ ಅಳೆಯಿರಿ, ಪೇಂಟ್ ಕೆರೆದು. ದಪ್ಪ ಹತ್ತು ಪರ್ಸೆಂಟ್ ಹೆಚ್ಚಿದರೆ ಗಡಸುತನ 46 ಪರ್ಸೆಂಟ್ ಏರುತ್ತದೆ, ಕಣ್ಣಂದಾಜು ಇಲ್ಲಿ ನಡೆಯದು.

ಮೋನೋಶಾಕಿನ ಕಷ್ಟ ಇರುವುದು ಕೂರಿಸುವುದರಲ್ಲಿ. ಉದ್ದ ಹೊಂದುವುದು ಅಪರೂಪ. 15 ಮಿ.ಮೀ. ಉದ್ದವಾದರೆ ಹಿಂಭಾಗ 27 ಮಿ.ಮೀ. ಏರುತ್ತದೆ, ಪಕ್ಕದ ಇಳಿಜಾರಿನಲ್ಲಿ ಗಾಡಿ ಮಗುಚುವ ಅಪಾಯ ಹೆಚ್ಚುತ್ತದೆ. ಮೊದಲ ಸಲ ಕೂತ ಪ್ರವಾಸಿ ಓಡಿಸುವ ಗಾಡಿಯಲ್ಲಿ ಇದು ಸಣ್ಣ ಮಾತಲ್ಲ. ಮೇಲಿನ ಬ್ರಾಕೆಟ್ಟನ್ನು ಬದಲಿಸಿ ಹಳೆಯ ಎತ್ತರಕ್ಕೇ ತನ್ನಿ. 6 ಮಿ.ಮೀ. ಪ್ಲೇಟು, ಎರಡೂ ಕಡೆ ತ್ರಿಕೋನದ ಆಸರೆ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ, ಸಿಡಿಐ (ಸ್ಪಾರ್ಕ್ ಕೊಡಿಸುವ ಎಲೆಕ್ಟ್ರಾನಿಕ್ ಡಬ್ಬಿ) ಕಳಚಿ, ಶಾಕನ್ನು ಗಾಡಿಯಿಂದ ದೂರ ಇಡಿ. ಒಳಗೆ ಗ್ಯಾಸ್ ತುಂಬಿದ ಶಾಕಿಗೆ ಬಿಸಿ ತಾಗಬಾರದು. ಬ್ರಾಕೆಟ್ ಮಾಡಿದ ಮೇಲೆ ಆ 250ರ ಅಳತೆಯನ್ನು ಮತ್ತೆ ತೆಗೆಯಿರಿ: ಶಾಕ್ ಇನ್ನಷ್ಟು ಓರೆಯಾಗಿ ಅದು 220ಕ್ಕೆ ಇಳಿದರೆ 1.8 ಹೋಗಿ 2.05 ಆಗುತ್ತದೆ, ಸ್ಪ್ರಿಂಗಿನ ಲೆಕ್ಕವೆಲ್ಲ ಬದಲಾಗುತ್ತದೆ.

ಶಾಕಿನ ಕಣ್ಣಿನೊಳಗಿನ ಬುಷ್ 12 ಮಿ.ಮೀ., ಗಾಡಿಯ ಬೋಲ್ಟು 10 ಇದ್ದರೆ ಲೇತ್‌ನಲ್ಲಿ ಸ್ಟೀಲಿನ ಸ್ಲೀವ್ ಮಾಡಿಸಬಹುದು. ಬ್ರಾಕೆಟ್ಟಿನಲ್ಲಿ ತೂತಿನ ಸುತ್ತ ಸಾಕಷ್ಟು ಲೋಹವಿದ್ದರೆ ಅದನ್ನೇ 12ಕ್ಕೆ ಕೊರೆಸುವುದು ಮೇಲು. ಬೋಲ್ಟಿನ ತಲೆಯ ಮೇಲೆ 8.8 ಎಂದು (ಬಲದ ಗುರುತು) ಇರಲಿ, ಬುಷ್ ಮತ್ತು ಬ್ರಾಕೆಟ್ಟಿನೊಳಗೆ ನುಣುಪು ಭಾಗವೇ ಕೂರಲಿ, ಮರೆ (ಥ್ರೆಡ್) ಅಲ್ಲಿಗೆ ಬರಬಾರದು. 10ರ ಬೋಲ್ಟಿಗೆ 45, 12ರದ್ದಕ್ಕೆ 75 ನ್ಯೂಟನ್ ಮೀಟರ್, ನೈಲಾಕ್ ನಟ್ಟು. ರಬ್ಬರ್ ಬುಷ್ ಆದರೆ ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತ ಮೇಲೇ ಕೊನೆಯ ಬಿಗಿ. ಎತ್ತಿ ನಿಲ್ಲಿಸಿ ಬಿಗಿದರೆ ಇಳಿದಾಗ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಹಳೆಯ ಮಾಲು ಕೊಳ್ಳುವಾಗ ರಾಡಿನ ಮೇಲೆ ಉಗುರು ಎಳೆಯಿರಿ, ಸಿಕ್ಕಿಕೊಂಡರೆ ತುಕ್ಕಿನ ಗುಳಿ ಇದೆ, ಹೊಸ ಸೀಲೂ ಉಳಿಯದು. ಸ್ಪ್ರಿಂಗ್ ಕಂಪ್ರೆಸರ್‌ನಲ್ಲಿ ಸ್ಪ್ರಿಂಗ್ ತೆಗೆಸಿ (ಹಗ್ಗ, ತಂತಿ ಕಟ್ಟಿ ಸಾಹಸ ಬೇಡ, ಸಿಡಿದರೆ ಮುಖಕ್ಕೇ), ಶಾಕನ್ನು ಗಾಡಿಯಲ್ಲಿ ನಿಲ್ಲುವ ಓರೆಯಲ್ಲೇ ಹಿಡಿದು ಹತ್ತು ಸಲ ಒತ್ತಿ ಎಳೆಯಿರಿ. ಮೊದಲಿನಿಂದ ಕೊನೆಯವರೆಗೆ ಒಂದೇ ಬಿಗಿ ಸಿಗಬೇಕು. ನಡುವೆ ಎಲ್ಲಾದರೂ ಫಕ್ಕನೆ ಸಡಿಲವಾದರೆ ಗಾಳಿ ಹೊಕ್ಕಿದೆ, ಅದು ಬೇಡ.

ಸ್ಪ್ರಿಂಗ್ ಇಲ್ಲದ ಶಾಕನ್ನೇ ಮೊದಲು ಗಾಡಿಗೆ ಕೂರಿಸಿ, ಆಕ್ಸೆಲ್ ಕೆಳಗೆ ಜಾಕಿ ಇಟ್ಟು ನಿಧಾನ ಏರಿಸಿ. ಬಂಪ್ ರಬ್ಬರ್ (ಓಟದ ಕೊನೆಯಲ್ಲಿ ತಡೆಯುವ ರಬ್ಬರ್) ಮುಟ್ಟುವ ಮುನ್ನ ಏರ್‌ಬಾಕ್ಸ್, ಸೈಲೆನ್ಸರ್, ಮಡ್‌ಗಾರ್ಡ್ ಯಾವುದೂ ತಾಗಬಾರದು. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಬೋಲ್ಟ್, ಆಕ್ಸೆಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ, ಅಲ್ಲಿ 20 ಮಿ.ಮೀ. ಸಡಿಲ ಬಿಡಿ. ಪೂರ್ತಿ ಕೆಳಗಿಳಿಸಿ ಬ್ರೇಕ್ ಹೋಸ್ ಎಳೆಯುತ್ತಿದೆಯೇ, ಚೈನ್ ಸ್ವಿಂಗ್‌ಆರ್ಮಿನ ಮೈ ಉಜ್ಜುತ್ತಿದೆಯೇ ನೋಡಿ.

ಎಲ್ಲ ಜೋಡಿಸಿದ ಮೇಲೆ ಸೀಟಿನ ಹಿಂಭಾಗವನ್ನು ಜೋರಾಗಿ ಅದುಮಿ ಬಿಡಿ. ಒಮ್ಮೆ ಎದ್ದು ನಿಲ್ಲಬೇಕು. ಎದ್ದು, ಮತ್ತೆ ಇಳಿದು, ಮತ್ತೆ ಎದ್ದರೆ ಡ್ಯಾಂಪಿಂಗ್ ಸಾಲದು. ಎದ್ದೇಳಲು ಒಂದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಅತಿಯಾಯಿತು, ಸಾಲು ಗುಂಡಿಯಲ್ಲಿ ಅದು ಇಳಿದಿಳಿದು ತಳ ಸೇರುತ್ತದೆ. ಹೊಸ ವೆಲ್ಡಿಂಗ್ ಮೇಲೆ ತೆಳುವಾಗಿ ಬಿಳಿ ಪೇಂಟ್ ಬಳಿದಿಡಿ. ಮೊದಲ ದಿನದ ಓಟ ಮುಗಿದ ಮೇಲೆ ಕೆಸರು ತೊಳೆದು ಟಾರ್ಚ್ ಬಿಟ್ಟು ನೋಡಿದರೆ, ಸೀಳು ಶುರುವಾಗಿದ್ದಲ್ಲಿ ಆ ಬಿಳಿಯ ಮೇಲೆ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಾಣುತ್ತದೆ.