ಟ್ರೇಸ್ ಹಚ್ಚಿ ಆರಿಸಲು ಮರೆತ 24 ದಿನಗಳು

ಚಿಕ್ಕಮಗಳೂರಿನಲ್ಲಿ ಕಾಫಿ ಖರೀದಿಸುವ ಒಂದು ವ್ಯಾಪಾರ ಸಂಸ್ಥೆಗೆ ನಾನು ಕೆಲವು ಶೆಲ್ ಸ್ಕ್ರಿಪ್ಟ್‌ಗಳನ್ನು (ಕಂಪ್ಯೂಟರ್ ಸಾಲಾಗಿ ನಡೆಸುವ ಆಜ್ಞೆಗಳ ಪಟ್ಟಿಗಳನ್ನು) ಬರೆದುಕೊಟ್ಟಿದ್ದೇನೆ. ಕಳೆದ ಕೊಯ್ಲಿನ ಕಾಲದಲ್ಲಿ, ನಿಧಾನದ ಕಾರಣ ಹುಡುಕಲೆಂದು ನಾನೇ ಹಚ್ಚಿದ ಟ್ರೇಸ್‌ನಿಂದ (ಪ್ರೋಗ್ರಾಂ ಮಾಡುವ ಪ್ರತಿ ಹೆಜ್ಜೆಯನ್ನೂ ಬರೆದಿಡುವ ವ್ಯವಸ್ಥೆಯಿಂದ) ಅಲ್ಲಿನ ತೂಕದ ಕೆಲಸ ಒಂದು ದಿನ ಪೂರ್ತಿ ನಿಂತುಹೋಯಿತು. ಅದಕ್ಕಿಂತ ಗಂಭೀರವಾಗಿ, ಬೆಳೆಗಾರರ ಬ್ಯಾಂಕ್ ಖಾತೆಯ ವಿವರಗಳು ಹೊರಗಿನವರ ಕೈಗೆ ಹೋದವು. ಇಂಥ ಸಣ್ಣ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವವರು ನಮ್ಮ ಜಿಲ್ಲೆಯಲ್ಲೂ ಹಾಸನದಲ್ಲೂ ಸಾಕಷ್ಟು ಮಂದಿ ಇರುವುದರಿಂದ, ನಡೆದದ್ದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಆಲ್ದೂರು, ಮಲ್ಲಂದೂರು, ಮೂಡಿಗೆರೆ ಕಡೆಯಿಂದ ಬರುವ ಪಾರ್ಚ್‌ಮೆಂಟ್ (ತೊಳೆದು ಒಣಗಿಸಿದ) ಮತ್ತು ಚೆರ್ರಿ (ಹಣ್ಣಾಗಿಯೇ ಒಣಗಿಸಿದ) ಕಾಫಿ ಮೂಟೆಗಳನ್ನು ತೂಗಿದಾಗ ಪ್ರತಿಯೊಂದಕ್ಕೂ ಒಂದು ಚೀಟಿ ತಯಾರಾಗುತ್ತದೆ. ಚೀಟಿಯ ವಿವರ, ಚೀಟಿಯ ಫೋಟೊ ಮತ್ತು ತೇವಾಂಶ ಮಾಪಕದ ಫೋಟೊ, ಹೀಗೆ ಮೂರು ಫೈಲುಗಳನ್ನು ಸ್ಕ್ರಿಪ್ಟ್ ಒಂದೊಂದಾಗಿ ಕರ್ಲ್ ಎಂಬ, ನೆಟ್ ಮೂಲಕ ಫೈಲು ಕಳುಹಿಸುವ ತಂತ್ರಾಂಶದ ಮೂಲಕ ಹಾಸನದ ಶಾಖೆಗೆ ಕಳುಹಿಸುತ್ತದೆ. ಡಿಸೆಂಬರ್‌ನಲ್ಲಿ ದಿನಕ್ಕೆ ಸುಮಾರು 200 ಚೀಟಿಗಳು ಬರತೊಡಗಿದಾಗ, ಕೆಲವೇ ನಿಮಿಷಗಳಲ್ಲಿ ಮುಗಿಯಬೇಕಾದ ಕೆಲಸ ಒಂದು ಗಂಟೆಯನ್ನು ಮೀರಿತು. ಹಣ ಪಾವತಿ ಹಾಸನದಿಂದ ಆಗುವುದರಿಂದ ಬೆಳೆಗಾರರು ಕಾಯಬೇಕಾಯಿತು.

ಡಿಸೆಂಬರ್ 22ರಂದು ನಾನು ಸ್ಕ್ರಿಪ್ಟಿನ ಮೇಲ್ಭಾಗದಲ್ಲಿ 'ಸೆಟ್ -ಎಕ್ಸ್' ಸೇರಿಸಿದೆ. ಅಂದರೆ ಬ್ಯಾಶ್ (ಸ್ಕ್ರಿಪ್ಟನ್ನು ಓದಿ ನಡೆಸುವ ತಂತ್ರಾಂಶ) ತಾನು ನಡೆಸುವ ಪ್ರತಿಯೊಂದು ಆಜ್ಞೆಯನ್ನೂ, ಅದರೊಳಗಿನ ವೇರಿಯಬಲ್‌ಗಳ (ಮಾಹಿತಿ ಇಟ್ಟಿರುವ ಹೆಸರುಗಳ) ಜಾಗದಲ್ಲಿ ನಿಜವಾದ ಮಾಹಿತಿ ತುಂಬಿದ ನಂತರ, ಬರೆದು ತೋರಿಸುತ್ತದೆ. ಕರ್ಲ್‌ಗೆ '--ಟ್ರೇಸ್' ಮತ್ತು, ಪ್ರತಿ ಹೆಜ್ಜೆಯ ಸಮಯವನ್ನೂ ಬರೆಯುವ, '--ಟ್ರೇಸ್-ಟೈಮ್' ಆಯ್ಕೆಗಳನ್ನು ಕೊಟ್ಟೆ. ಎಲ್ಲವೂ ಒಂದೇ ಲಾಗ್ (ದಾಖಲೆ) ಫೈಲಿನ ಕೊನೆಗೆ ಸೇರುತ್ತಾ ಹೋಗುವಂತೆ ಮಾಡಿದೆ.

ಕಾರಣ ಆ ಸಂಜೆಯೇ ಸಿಕ್ಕಿತು. ಪ್ರತಿ ಸಲವೂ ಕರ್ಲ್ ಆರಂಭವಾದ ಮೇಲೆ ಸಂಪರ್ಕಕ್ಕೆ ಯತ್ನಿಸುವ ಮೊದಲು ಸರಿಯಾಗಿ 5 ಸೆಕೆಂಡು ಸುಮ್ಮನೆ ಕೂರುತ್ತಿತ್ತು. ಕಂಪ್ಯೂಟರಿನಲ್ಲಿ ಬರೆದಿದ್ದ ಎರಡು ಡಿಎನ್‌ಎಸ್ (ಸರ್ವರಿನ ಹೆಸರಿನಿಂದ ಅದರ ಸಂಖ್ಯೆ ಹುಡುಕಿಕೊಡುವ ಸೇವೆ) ವಿಳಾಸಗಳಲ್ಲಿ ಮೊದಲನೆಯದು ಕೆಲಸ ನಿಲ್ಲಿಸಿತ್ತು. ಲಿನಕ್ಸ್ ಅದರ ಉತ್ತರಕ್ಕಾಗಿ 5 ಸೆಕೆಂಡು ಕಾದು, ಆಮೇಲೆ ಎರಡನೆಯದನ್ನು ಕೇಳುತ್ತಿತ್ತು. 200 ಚೀಟಿಗೆ 600 ಸಲ ಕಳುಹಿಸುವಾಗ ಇದೇ 3000 ಸೆಕೆಂಡು, ಅಂದರೆ 50 ನಿಮಿಷ. ಸತ್ತ ವಿಳಾಸವನ್ನು ತೆಗೆದುಹಾಕಿದೊಡನೆ ಎಲ್ಲವೂ ಸರಿಹೋಯಿತು. ಆ ಸಮಾಧಾನದಲ್ಲಿ ನಾನು ಮನೆಗೆ ಹೊರಟೆ. ಟ್ರೇಸ್ ಮಾತ್ರ ಹಾಗೆಯೇ ಉಳಿಯಿತು.

'--ಟ್ರೇಸ್' ಎಂಬುದು ಹೋಗುವ ಮತ್ತು ಬರುವ ಪ್ರತಿ ಬೈಟನ್ನೂ ಹೆಕ್ಸ್ ರೂಪದಲ್ಲಿ (ಬೈಟಿಗೆ ಎರಡು ಅಕ್ಷರಗಳಂತೆ) ಬರೆಯುತ್ತದೆ. 16 ಬೈಟುಗಳಿಗೆ ಸುಮಾರು 70 ಅಕ್ಷರಗಳ ಒಂದು ಸಾಲು ಬೀಳುವುದರಿಂದ ಲಾಗ್ ಮೂಲ ಫೈಲಿನ ನಾಲ್ಕು ಪಟ್ಟಿಗೂ ಮೀರಿ ಬೆಳೆಯುತ್ತದೆ. ಸುಮಾರು 300 ಕಿಲೋಬೈಟಿನ 400 ಫೋಟೊಗಳೆಂದರೆ ದಿನಕ್ಕೆ ಅರ್ಧ ಗಿಗಾಬೈಟಿಗಿಂತ ಹೆಚ್ಚು. ಆ ಹಳೆಯ ಯಂತ್ರದಲ್ಲಿ ಖಾಲಿ ಇದ್ದದ್ದು 12 ಗಿಗಾಬೈಟಿನಷ್ಟು. ಈ ಗುಣಾಕಾರವನ್ನು ನಾನು ಡಿಸೆಂಬರ್ 22ರಂದೇ ಮಾಡಬೇಕಿತ್ತು.

ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಅಲ್ಲಿಯ ರೈಟರು (ಲೆಕ್ಕ ಬರೆಯುವವರು) ಫೋನ್ ಮಾಡಿ, "ಸರ್, ತೂಕ ಸೇವ್ ಆಗ್ತಾ ಇಲ್ಲ, ಡಿಸ್ಕ್ ತುಂಬಿದೆ ಅಂತ ಬರ್ತಾ ಇದೆ, ಹೊರಗೆ ಗಾಡಿಗಳು ಸಾಲು ನಿಂತಿವೆ" ಎಂದರು. ಅರೇಬಿಕಾ ಮುಗಿಯುತ್ತಾ ರೊಬಸ್ಟಾ ಆರಂಭವಾಗುವ ಸಮಯ ಅದು. ತೂಕದ ಡೇಟಾಬೇಸೂ ಲಾಗ್ ಫೈಲೂ ಒಂದೇ ಡಿಸ್ಕಿನಲ್ಲಿದ್ದುದರಿಂದ, ಲಾಗ್ ತುಂಬಿದಾಗ ಡೇಟಾಬೇಸ್ ಹೊಸ ದಾಖಲೆಗಳನ್ನು ನಿರಾಕರಿಸಿತ್ತು. ಇನ್ನೂ ಕೆಟ್ಟದ್ದೆಂದರೆ, ಕಳುಹಿಸಬೇಕಾದ ಚೀಟಿಗಳ ಪಟ್ಟಿಯನ್ನು ಸ್ಕ್ರಿಪ್ಟ್ ಪ್ರತಿ ಸಲ ತಾತ್ಕಾಲಿಕ ಫೈಲೊಂದಕ್ಕೆ ಬರೆದು, ಅದನ್ನು ಹಳೆಯ ಪಟ್ಟಿಯ ಜಾಗಕ್ಕೆ ತರುತ್ತಿತ್ತು. ಜಾಗವಿಲ್ಲದೆ ಬರೆಯುವ ಹಂತ ಸೋತಿತು. ಸೋತದ್ದನ್ನು ಪರೀಕ್ಷಿಸದ ನನ್ನ ಸ್ಕ್ರಿಪ್ಟ್ ಖಾಲಿ ಫೈಲನ್ನೇ ಹಳೆಯದರ ಮೇಲೆ ಕೂರಿಸಿತು. 38 ಚೀಟಿಗಳನ್ನು ಕಾರ್ಬನ್ ಪ್ರತಿಗಳಿಂದ ಕೈಯಲ್ಲಿ ಮತ್ತೆ ಹುಡುಕಬೇಕಾಯಿತು. ಆ 38 ಮನೆಗಳಿಗೆ ಹಣ ಮೂರು ದಿನ ತಡವಾಗಿ ತಲುಪಿತು. ಕೊಯ್ಲಿನ ಆಳುಗಳಿಗೆ ವಾರದ ಬಟವಾಡೆ ಮಾಡಬೇಕಾದವರಿಗೆ ಮೂರು ದಿನ ಎಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಗಾಬರಿಯಲ್ಲಿ ನಾನು ಲಾಗ್ ಫೈಲನ್ನು ಅಳಿಸಿದೆ. ಜಾಗ ಬಿಡುಗಡೆಯಾಗಲಿಲ್ಲ. ಹಿನ್ನೆಲೆಯಲ್ಲಿ ಓಡುತ್ತಿದ್ದ ಸ್ಕ್ರಿಪ್ಟ್ ಆ ಫೈಲನ್ನು ಇನ್ನೂ ತೆರೆದು ಹಿಡಿದಿತ್ತು. ಹೆಸರು ಹೋದರೂ, ಹಿಡಿದಿರುವ ಪ್ರಕ್ರಿಯೆ ಬಿಡುವವರೆಗೆ ಲಿನಕ್ಸ್ ಆ ಜಾಗವನ್ನು ಹಿಂದಿರುಗಿಸುವುದಿಲ್ಲ. 'ಎಲ್‌ಎಸ್‌ಒಎಫ್ +ಎಲ್1' ಆಜ್ಞೆ ಇಂಥ ಫೈಲುಗಳನ್ನು ತೋರಿಸುತ್ತದೆ. ಅಳಿಸುವ ಬದಲು 'ಟ್ರಂಕೇಟ್ -ಎಸ್ 0' ಎಂದು ಫೈಲನ್ನು ಬರಿದು ಮಾಡಿದ್ದರೆ ಒಂದು ಗಂಟೆ ಉಳಿಯುತ್ತಿತ್ತು.

ನನ್ನನ್ನು ಇಂದಿಗೂ ಕಾಡುವುದು ಮುಂದಿನ ವಿಷಯ. ಡಿಸೆಂಬರ್‌ನಲ್ಲಿ ಆ 5 ಸೆಕೆಂಡಿನ ಅರ್ಥ ಖಚಿತಪಡಿಸಿಕೊಳ್ಳಲು ಮೊದಲ ದಿನದ ಲಾಗಿನ ಒಂದು ತುಂಡನ್ನು ಪರಿಚಿತರಿರುವ ವಾಟ್ಸ್ಆ್ಯಪ್ ಗುಂಪೊಂದಕ್ಕೆ ಹಾಕಿದ್ದೆ. ಅದನ್ನು ಜನವರಿಯಲ್ಲಿ ಮತ್ತೆ ತೆರೆದು ಓದಿದಾಗ ಕೈ ತಣ್ಣಗಾಯಿತು. 'ಸೆಟ್ -ಎಕ್ಸ್' ಬರೆದ ಸಾಲುಗಳಲ್ಲಿ ಹಾಸನದ ಸರ್ವರಿನ ಪಾಸ್‌ವರ್ಡ್ ಇದ್ದಂತೆಯೇ ಇತ್ತು. ಕರ್ಲ್‌ನ ಟ್ರೇಸ್‌ನಲ್ಲಿ ಅದೇ ಪಾಸ್‌ವರ್ಡ್ ಬೇಸ್64 ಎಂಬ, ಅಕ್ಷರಗಳನ್ನು ಬೇರೆ ರೀತಿ ಬರೆಯುವ ರೂಪದಲ್ಲಿತ್ತು. ಅದು ಗೂಢಲಿಪಿಯಲ್ಲ, ಯಾರಾದರೂ ಕ್ಷಣದಲ್ಲಿ ಬಿಡಿಸಬಹುದು. ಕೆಳಗೆ 11 ಬೆಳೆಗಾರರ ಹೆಸರು, ಫೋನ್, ಖಾತೆ ಸಂಖ್ಯೆ. ದಾರಿಯಲ್ಲಿ ಎಚ್‌ಟಿಟಿಪಿಎಸ್ (ಗೂಢೀಕರಿಸಿದ ಸಂಪರ್ಕ) ಇದೆಯೆಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಟ್ರೇಸ್ ಬರೆಯುವುದು ಗೂಢೀಕರಣಕ್ಕೆ ಮೊದಲಿನ ಪಠ್ಯವನ್ನು. ಗಿಟ್‌ನಂಥ (ಕೋಡಿನ ಆವೃತ್ತಿಗಳನ್ನು ಕಾಯುವ ತಂತ್ರಾಂಶ) ಕೆಲವು ತಂತ್ರಾಂಶಗಳು ತಮ್ಮ ಟ್ರೇಸ್‌ನಲ್ಲಿ ದೃಢೀಕರಣದ ಸಾಲನ್ನು ತಾವಾಗಿಯೇ ಮರೆಮಾಡುತ್ತವೆ. ಎಲ್ಲವೂ ಹಾಗೆ ಮಾಡುತ್ತವೆಂದು ನಂಬಬೇಡಿ.

ನನಗೆ ಬೇಕಾಗಿದ್ದದ್ದು ಸಮಯದ ಲೆಕ್ಕ ಮಾತ್ರ. ಕರ್ಲ್‌ನ '-ಡಬ್ಲ್ಯೂ' ಆಯ್ಕೆಯಲ್ಲಿ ಹೆಸರು ಹುಡುಕಲು, ಸಂಪರ್ಕಿಸಲು ಮತ್ತು ಒಟ್ಟು ಕೆಲಸಕ್ಕೆ ಹಿಡಿದ ಸಮಯವನ್ನು ಕೇಳಿದ್ದರೆ ಪ್ರತಿ ಸಲಕ್ಕೆ ಒಂದೇ ಸಾಲು, ಯಾವ ಗುಟ್ಟೂ ಇಲ್ಲದೆ ಸಿಗುತ್ತಿತ್ತು. ಈಗ ಅದನ್ನೇ ಬಳಸುತ್ತೇನೆ. 'ಸೆಟ್ -ಎಕ್ಸ್' ಬೇಕೇ ಆದಾಗ ಸಂಶಯವಿರುವ ನಾಲ್ಕು ಸಾಲಿನ ಸುತ್ತ ಮಾತ್ರ ಹಚ್ಚಿ, ಕೆಳಗೇ 'ಸೆಟ್ +ಎಕ್ಸ್' ಬರೆದು, ಪಾಸ್‌ವರ್ಡ್ ಮುಟ್ಟುವ ಸಾಲನ್ನು ಅದರಿಂದ ಹೊರಗಿಡುತ್ತೇನೆ. ಲಾಗ್‌ಗಳು ಬೇರೆ ಪಾರ್ಟಿಷನ್‌ಗೆ (ಡಿಸ್ಕಿನ ಪ್ರತ್ಯೇಕ ಭಾಗಕ್ಕೆ) ಹೋಗಿವೆ, ಹಳೆಯ ಲಾಗ್‌ಗಳನ್ನು ಸರದಿಯಂತೆ ತೆಗೆಯುವ ಲಾಗ್‌ರೊಟೇಟ್‌ನಲ್ಲಿ ಗಾತ್ರದ ಮಿತಿ ಇದೆ.

ನೀವು ಇಂಥ ಫೈಲನ್ನು ಈಗಾಗಲೇ ಯಾರಿಗಾದರೂ ಕಳುಹಿಸಿದ್ದರೆ, ಅದನ್ನು ಅಳಿಸಿ ಎಂದು ಕೇಳುವ ಮೊದಲು ಪಾಸ್‌ವರ್ಡ್ ಬದಲಿಸಿ. ನಾನು ಅದನ್ನು ಬದಲಿಸಿ, ಆ 11 ಮಂದಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ ನಡೆದದ್ದನ್ನು ತಿಳಿಸಿದೆ.