ಮೂರು ನೀಲಿ ಮರಿ ತಂದು ಐದು ಹಳೇ ಮೀನು ಕಳೆದುಕೊಂಡೆ

ಮಲಾವಿ ಸಿಕ್ಲಿಡ್ (ಆಫ್ರಿಕಾದ ಮಲಾವಿ ಸರೋವರದ ಬಣ್ಣಬಣ್ಣದ ಮೀನು) ಸಾಕಿರುವವರು ಈ ಭಾನುವಾರ ಅಂಗಡಿಗೆ ಹೋಗಿ "ಇನ್ನೆರಡು ತಂದು ಬಿಟ್ಟರಾಯ್ತು" ಅಂದುಕೊಂಡಿದ್ದರೆ, ಸ್ವಲ್ಪ ತಡೀರಿ. ನಾನು ಹಾಗೇ ಅಂದುಕೊಂಡವನು.

ನಮ್ಮನೆ ಟ್ಯಾಂಕ್ ನಾಲ್ಕು ಅಡಿ ಉದ್ದದ್ದು, ಸುಮಾರು 250 ಲೀಟರ್. ಎಂಟು ಯೆಲ್ಲೋ ಲ್ಯಾಬ್, ಆರು ರೆಡ್ ಜೀಬ್ರಾ. ಎರಡೂ ಮಲಾವಿ ಸಿಕ್ಲಿಡ್ ಜಾತಿಗಳೇ. ಬೋರ್‌ವೆಲ್ ನೀರು. ಸೋಪಿನ ನೊರೆ ಬರಲ್ಲ ಅಂತ ಮನೇಲಿ ದಿನಾ ಗೊಣಗಾಟ, ಆದರೆ ಈ ಮೀನುಗಳಿಗೆ ಗಡಸು ನೀರೇ ಬೇಕು. ಎರಡು ವರ್ಷದಿಂದ ಎಲ್ಲವೂ ಜಾಗ ಹಂಚಿಕೊಂಡು ಆರಾಮಾಗಿದ್ದವು. ಎಡಗಡೆಯ ಕಲ್ಲುಗುಡ್ಡೆ ದೊಡ್ಡ ಜೀಬ್ರಾ ಗಂಡಿನದು. ಅದರ ಬಾಗಿಲಿಗೆ ಯಾರೂ ಹೋಗುತ್ತಿರಲಿಲ್ಲ.

ಅಂಗಡಿಯಲ್ಲಿ ಕೆನ್ಯಿ ಅನ್ನೋ ಇನ್ನೊಂದು ಮಲಾವಿ ಜಾತಿಯ ಮೂರು ಮರಿಗಳನ್ನು ನೋಡಿದೆ. ತಿಳಿ ನೀಲಿ ಮೈ, ಮೇಲೆ ಕಪ್ಪು ಪಟ್ಟೆ, ಎರಡಿಂಚು ಉದ್ದ. "ಮೂರೂ ಹೆಣ್ಣೇ ಸರ್, ನೀಲಿ ಇದ್ರೆ ಹೆಣ್ಣು" ಅಂದರು ಅಂಗಡಿಯವರು. ಅದು ಅರ್ಧ ಸತ್ಯ. ಕೆನ್ಯಿಯಲ್ಲಿ ದೊಡ್ಡದಾದ ಗಂಡು ಹಳದಿ, ಹೆಣ್ಣು ನೀಲಿ. ಆದರೆ ಮರಿಯಾಗಿದ್ದಾಗ ಎರಡೂ ನೀಲಿಯೇ. ಇದು ನನಗೆ ಗೊತ್ತಾಗಿದ್ದು ಆಮೇಲೆ.

ಮೂರನ್ನೂ ತಂದು, ಕವರನ್ನು ಟ್ಯಾಂಕಿನಲ್ಲಿ ಇಪ್ಪತ್ತು ನಿಮಿಷ ತೇಲಿಬಿಟ್ಟು, ಅಂಗಡಿ ನೀರಿನ ಸಮೇತ ಸುರಿದೆ. ಲೈಟ್ ಉರಿಯುತ್ತಿತ್ತು. ಕಲ್ಲುಗಳು ಇದ್ದಲ್ಲೇ ಇದ್ದವು. ಹಳೇ ಮೀನುಗಳಿಗೆ ಅವತ್ತು ಇನ್ನೂ ತಿಂಡಿ ಹಾಕಿರಲಿಲ್ಲ. ಒಂದೇ ಸಲಕ್ಕೆ ಎಷ್ಟು ತಪ್ಪು ಮಾಡಬಹುದೋ ಅಷ್ಟೂ ಮಾಡಿದ್ದೆ.

ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಜೀಬ್ರಾ ಗಂಡು ಗುಹೆಯಿಂದ ನಿಧಾನಕ್ಕೆ ಹೊರಬಂತು. ಬಂದದ್ದು ನಿಧಾನ, ನುಗ್ಗಿದ್ದು ಮಾತ್ರ ಕಣ್ಣಿಗೆ ಕಾಣದಷ್ಟು ವೇಗ. ಸರೋವರದಲ್ಲಾದರೆ ಸೋತ ಮೀನು ಓಡಿಹೋಗಿ ಬೇರೆ ಬಂಡೆ ಹುಡುಕಿಕೊಳ್ಳುತ್ತದೆ. ಮಲಾವಿ ಸರೋವರ 500 ಕಿಲೋಮೀಟರಿಗಿಂತ ಉದ್ದ. ನಮ್ಮನೇಲಿ ನಾಲ್ಕು ಅಡಿ. ಎಲ್ಲಿಗೆ ಓಡೋದು? ಇದ್ದ ಕಲ್ಲಿಗೆಲ್ಲ ಆಗಲೇ ಯಜಮಾನರಿದ್ದರು.

"ಎರಡು ದಿನ ಬಿಟ್ಟರೆ ಹೊಂದಿಕೊಳ್ತವೆ" ಅಂತ ಮಲಗಿಬಿಟ್ಟೆ. ಬೆಳಗ್ಗೆ ಒಂದು ಮರಿ ಹೀಟರ್ ಹಿಂದೆ, ನೀರಿನ ಮೇಲ್ಮಟ್ಟಕ್ಕೆ ಮೂಗು ತಾಗಿಸಿಕೊಂಡು ನಿಂತಿತ್ತು. ಬಾಲ ಗಾಳಿಗೆ ಸೀಳಿದ ಬಾಳೆ ಎಲೆಯ ಹಾಗೆ ಎಳೆ ಎಳೆಯಾಗಿತ್ತು. ಇನ್ನೊಂದು ಕಲ್ಲಿನ ಸಂದಿಯಲ್ಲಿ ಸತ್ತು ಬಿದ್ದಿತ್ತು. ಮೂಲೆಯಲ್ಲಿ ಮೇಲುಗಡೆ ನಿಂತ ಮೀನು ಹೊಂದಿಕೊಳ್ಳುತ್ತಿಲ್ಲ, ಸಾಯುತ್ತಿದೆ. ಕಂಡ ತಕ್ಷಣ ತೆಗೆದುಬಿಡಿ. ನಾನು ಸಂಜೆವರೆಗೂ ಕಾದೆ, ಅದೂ ಹೋಯಿತು. ಉಳಿದ ಒಂದನ್ನು ಹಿಡಿದು ಹಳೇ ಪ್ಲಾಸ್ಟಿಕ್ ಟಬ್ಬಿಗೆ ಹಾಕಿದೆ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಒಂದು ಯೆಲ್ಲೋ ಲ್ಯಾಬ್ ಹೆಣ್ಣು ಬಾಯಲ್ಲಿ ಮರಿ ಇಟ್ಟುಕೊಂಡಿತ್ತು, ಗಲ್ಲ ಉಬ್ಬಿತ್ತು. ಇವು ಸುಮಾರು ಮೂರು ವಾರ ಬಾಯಲ್ಲೇ ಕಾವು ಕೊಡುತ್ತವೆ, ಅಷ್ಟು ದಿನ ಊಟ ಬಿಡುತ್ತವೆ. ಆ ಅಟ್ಟಾಡಿಸುವ ಗಲಾಟೆಯಲ್ಲಿ ಅದು ಎಲ್ಲವನ್ನೂ ಉಗುಳಿಬಿಟ್ಟಿತು. ಹೊಟ್ಟೆಗೆ ಹಳದಿ ಚೀಲ ಇನ್ನೂ ಅಂಟಿಕೊಂಡಿದ್ದ ಮರಿಗಳು, ಈಜಲೂ ಬರುತ್ತಿರಲಿಲ್ಲ. ಬಲೆ ತರುವಷ್ಟರಲ್ಲಿ ಉಳಿದ ಮೀನುಗಳು ಹೆಕ್ಕಿ ತಿಂದಿದ್ದವು.

ಆರನೇ ದಿನ ಜೀಬ್ರಾಗಳು ಕಲ್ಲಿಗೆ ಮೈ ಉಜ್ಜತೊಡಗಿದವು. ಮರುದಿನ ರೆಕ್ಕೆಗಳ ಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ. ವೈಟ್ ಸ್ಪಾಟ್, ಒಂದು ಪರಾವಲಂಬಿ ಜೀವಿಯಿಂದ ಬರುವ ರೋಗ. ಮೂರು ಮರಿಗಳ ಜೊತೆ ಬಂದಿತ್ತು. ಔಷಧಿ ಹೀರಿಬಿಡುವ ಕಾರ್ಬನ್ನನ್ನು ಫಿಲ್ಟರಿನಿಂದ ತೆಗೆದು, ಗಾಳಿ ಜಾಸ್ತಿ ಮಾಡಿ, ನೀರಿನ ಬಿಸಿ ನಿಧಾನಕ್ಕೆ ಏರಿಸಿ ಔಷಧಿ ಹಾಕಿದೆ. ನಾಲ್ಕೇ ದಿನದಲ್ಲಿ ಚುಕ್ಕೆ ಮಾಯ. ಖುಷಿಯಾಗಿ ನಿಲ್ಲಿಸಿದೆ. ಅದೇ ದೊಡ್ಡ ಎಡವಟ್ಟು. ಚುಕ್ಕೆ ಹೋಯಿತು ಅಂದರೆ ಆ ಪರಾವಲಂಬಿ ಸತ್ತಿತು ಅಂತಲ್ಲ. ಅದು ಮೀನಿನ ಮೈಯಿಂದ ಉದುರಿ ತಳದ ಮರಳಲ್ಲಿ ಒಂದಕ್ಕೆ ನೂರಾಗುತ್ತಿರುತ್ತದೆ. ಅಲ್ಲಿಂದ ಹೊರಟು ನೀರಲ್ಲಿ ಈಜುವಾಗ ಮಾತ್ರ ಔಷಧಿ ಅದನ್ನು ಕೊಲ್ಲುತ್ತದೆ. ಮೈಗೆ ಅಂಟಿಕೊಂಡಿರುವಾಗ ನಾಟುವುದಿಲ್ಲ. ಎರಡನೇ ಸಲ ಬಂದಾಗ ಕಿವಿರುಗಳಿಗೂ ಹತ್ತಿತ್ತು. ಮೂರು ಲ್ಯಾಬ್, ಎರಡು ಜೀಬ್ರಾ ಹೋದವು. ಉಗುಳಿದ ಆ ತಾಯಿಯೂ ಅದರಲ್ಲಿ ಒಂದು.

ಹಾಗಾಗಿ ಈಗ ನಮ್ಮನೇಲಿ ಹೊಸ ಮೀನಿಗೆ ಮೊದಲ ಮನೆ ಟಬ್ಬೇ. 40 ಲೀಟರಿನದು, ಒಂದು ಹೀಟರ್, ಒಂದು ಸ್ಪಾಂಜ್ ಫಿಲ್ಟರ್. ಆ ಸ್ಪಾಂಜನ್ನು ಮೊದಲೇ ದೊಡ್ಡ ಟ್ಯಾಂಕಿನಲ್ಲಿ ತಿಂಗಳು ಓಡಿಸಿಡಿ. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ಇಲ್ಲವಾಗಿಸುವ ಬ್ಯಾಕ್ಟೀರಿಯಾ ಅದರಲ್ಲಿ ಕೂತಿರದಿದ್ದರೆ ಆ ಅಮೋನಿಯಾಕ್ಕೇ ಮೀನು ಹೋಗುತ್ತದೆ. ಕಡಿಮೆ ಅಂದರೂ ನಾಲ್ಕು ವಾರ ಅಲ್ಲೇ ಇರಲಿ. ಬಲೆಯೂ ಬೇರೆ, ಬಕೆಟ್ಟೂ ಬೇರೆ. ಬಿಡುವ ದಿನ ಕಲ್ಲುಗಳನ್ನೆಲ್ಲ ಕಿತ್ತು ಬೇರೆ ಥರ ಜೋಡಿಸಿ. ಆಗ ಹಳಬರಿಗೂ ಮನೆ ಹೊಸದು, ಎಲ್ಲರೂ ಜಾಗ ಹುಡುಕುವುದರಲ್ಲೇ ಇರುತ್ತಾರೆ. ಹಳಬರ ಹೊಟ್ಟೆ ತುಂಬಿಸಿ, ಲೈಟ್ ಆರಿಸಿ ಬಿಡಿ. ಒಂದೆರಡಲ್ಲ, ಆರೇಳು ಒಟ್ಟಿಗೆ ಬಿಟ್ಟರೆ ಏಟು ಒಬ್ಬರ ಮೇಲೇ ಬೀಳಲ್ಲ. ಟ್ಯಾಂಕಿನಲ್ಲಿ ಅಷ್ಟಕ್ಕೆ ಜಾಗ ಇಲ್ಲವಾ? ಹಾಗಾದರೆ ತರಲೇಬೇಡಿ. ಗಾತ್ರವೂ ಹಳಬರ ಹತ್ತಿರಕ್ಕೆ ಇರಲಿ. ನಾಲ್ಕಿಂಚಿನವರ ಮಧ್ಯೆ ಎರಡಿಂಚಿನ ಮರಿ ಬಿಟ್ಟೆನಲ್ಲ, ನನಗೇ ಈಗ ನಾಚಿಕೆ.

ಉಳಿದ ಆ ಕೆನ್ಯಿ ಇನ್ನೂ ಟಬ್ಬಿನಲ್ಲೇ ಇದೆ. ಚೆನ್ನಾಗಿ ತಿಂದು ಬೆಳೆದಿದೆ. ಹೋದ ವಾರದಿಂದ ಹೊಟ್ಟೆಯ ಕಡೆಯಿಂದ ನೀಲಿ ಮಾಸಿ ಹಳದಿ ಏರುತ್ತಿದೆ. ತಿಂಡಿ ಹಾಕಲು ಕೈ ತಂದರೆ ಬೆರಳಿಗೇ ಗುದ್ದುತ್ತದೆ. ಅಂಗಡಿಯವರ ಪ್ರಕಾರ ಅದು ಹೆಣ್ಣು.