ಸೋರಾದಿಂದ 11 ಸ್ಪೀಡ್‌ಗೆ: ಬ್ರ್ಯಾಂಡ್ ಬೆರೆಸಿ ಮಾಡಿಸಿದ ಗೇರ್ ಸೆಟ್ ಹೇಗಿದೆ?

ರೋಡ್ ಬೈಕಿನ ಗೇರ್ ಸೆಟ್ ಪೂರ್ತಿ ಒಂದೇ ಕಂಪನಿಯದ್ದು ಇರಲೇಬೇಕು ಅಂತ ಏನಿಲ್ಲ. ಶಿಫ್ಟರ್ (ಹ್ಯಾಂಡಲ್‌ನಲ್ಲಿರುವ ಗೇರ್ ಲಿವರ್) ಮತ್ತು ಡಿರೇಲರ್ (ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಮಾತ್ರ ಒಂದಕ್ಕೊಂದು ಹೊಂದುವ ಜೋಡಿಯೇ ಆಗಿರಬೇಕು. ಚೈನು, ಕ್ಯಾಸೆಟ್ಟು (ಹಿಂದಿನ ಹಲ್ಲಿನ ಚಕ್ರಗಳ ಗೊಂಚಲು) ಬೇರೆ ಬ್ರ್ಯಾಂಡಿನದ್ದಾದರೂ ನಡೆಯುತ್ತದೆ, ಚೆನ್ನಾಗೇ ನಡೆಯುತ್ತದೆ.

ನನ್ನ ಬೈಕ್ ಬಂದಿದ್ದು ಶಿಮಾನೊ ಕಂಪನಿಯ ಸೋರಾ 9 ಸ್ಪೀಡ್ ಸೆಟ್‌ನಲ್ಲಿ, ಅಂದರೆ ಹಿಂದೆ ಒಂಬತ್ತು ಹಲ್ಲಿನ ಚಕ್ರ. ಹಲ್ಲಿನ ಲೆಕ್ಕದಲ್ಲಿ ಮುಂದಿನ ಎರಡು ರಿಂಗ್ 50-34, ಹಿಂದೆ 11-28 (ಚಿಕ್ಕ ಚಕ್ರಕ್ಕೆ 11 ಹಲ್ಲು, ದೊಡ್ಡದಕ್ಕೆ 28; ಹಿಂದೆ ಹಲ್ಲು ಜಾಸ್ತಿ ಇದ್ದಷ್ಟೂ ಏರಿನಲ್ಲಿ ಹಗುರ). ಮೈಸೂರಿನಿಂದ ಶ್ರೀರಂಗಪಟ್ಟಣ, ಮಂಡ್ಯ ಕಡೆಗೆ ಹೋಗಿ ಬರೋಕೆ ಅದು ಧಾರಾಳ ಸಾಕು, ಆದರೆ ಚಾಮುಂಡಿ ಬೆಟ್ಟಕ್ಕೆ ನನ್ನ ಮಂಡಿಗೆ ಸಾಲದು. ಅದಕ್ಕೇ 11 ಸ್ಪೀಡ್ ಮಾಡಿಸಿದೆ. ಈಗ ಇರುವುದು ಹೀಗೆ: ಶಿಫ್ಟರ್ ಮತ್ತು ಎರಡೂ ಡಿರೇಲರ್ ಶಿಮಾನೊ 105, ಆರ್7000 ಸರಣಿಯದ್ದು. ಕ್ಯಾಸೆಟ್ ಸನ್‌ರೇಸ್ 11-32. ಚೈನ್ ಕೆಎಂಸಿ ಎಕ್ಸ್11. ಕ್ರ್ಯಾಂಕ್ (ಪೆಡಲ್ ತೋಳು, ಮುಂದಿನ ರಿಂಗ್‌ಗಳು ಇರುವ ಭಾಗ) ಹಳೇ ಸೋರಾದ್ದೇ. ನನ್ನದು ರಿಮ್ ಬ್ರೇಕ್ ಬೈಕು, ಹೈಡ್ರಾಲಿಕ್ ಡಿಸ್ಕ್ ಇದ್ದವರಿಗೆ ಲಿವರೇ ಬೇರೆ ಬೇಕಾಗುತ್ತದೆ.

ಶಿಫ್ಟರ್, ಡಿರೇಲರ್ ಯಾಕೆ ಜೋಡಿ ಅಂದರೆ, ಲಿವರ್ ಒಂದು ಸಲ ಕಟ್ ಅಂದಾಗ ಎಷ್ಟು ಕೇಬಲ್ ಎಳೆಯುತ್ತೆ ಅನ್ನೋದು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ, ಆ ಎಳೆತಕ್ಕೆ ಡಿರೇಲರ್ ಎಷ್ಟು ಸರಿಯುತ್ತೆ ಅನ್ನೋದೂ ಹಾಗೇ. ಎರಡೂ ಕೂಡಿ ಬಂದರೆ ಮಾತ್ರ ಚೈನು ಪಕ್ಕದ ಚಕ್ರದ ಮೇಲೆ ಸರಿಯಾಗಿ ಕೂರುತ್ತದೆ. ಸ್ರ್ಯಾಮ್ ಕಂಪನಿಯ ಶಿಫ್ಟರ್‌ಗೆ ಶಿಮಾನೊ ಡಿರೇಲರ್ ಹಾಕಿದರೆ ಕೂಡಿ ಬರೋದಿಲ್ಲ. ಅಷ್ಟೇ ಅಲ್ಲ, ಶಿಮಾನೊ ಒಳಗೇ ಹೊಂದದ್ದು ಇದೆ. ಟಿಯಾಗ್ರಾ 4700 ಅಂತ 10 ಸ್ಪೀಡ್ ಸೆಟ್ ಇದೆಯಲ್ಲ, ಅದರ ಎಳೆತ ಹಳೇ 10 ಸ್ಪೀಡ್ ಸೆಟ್‌ಗಳ ಥರ ಇಲ್ಲ, 11 ಸ್ಪೀಡ್‌ನವುಗಳ ಥರ ಇದೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ‘10 ಸ್ಪೀಡ್ ಅಲ್ವಾ, ಆಗುತ್ತೆ ಬಿಡಿ’ ಅಂದರೆ ನಂಬಬೇಡಿ, ಹಿಂಬದಿ ಕೆತ್ತಿರುವ ಮಾಡೆಲ್ ನಂಬರ್ ನೋಡಿ.

ಕ್ಯಾಸೆಟ್ ವಿಷಯ ಇದಕ್ಕೆ ಉಲ್ಟಾ. 11 ಸ್ಪೀಡ್‌ನಲ್ಲಿ ಶಿಮಾನೊ, ಸ್ರ್ಯಾಮ್, ಸನ್‌ರೇಸ್ ಚಕ್ರಗಳ ನಡುವಿನ ಅಂತರ ಹೆಚ್ಚುಕಮ್ಮಿ ಒಂದೇ. ನೋಡಬೇಕಾದ್ದು ಫ್ರೀಹಬ್, ಅಂದರೆ ಹಿಂದಿನ ವೀಲ್‌ನಲ್ಲಿ ಕ್ಯಾಸೆಟ್ ಕೂರುವ ಭಾಗ. 11 ಸ್ಪೀಡ್ ರೋಡ್ ಕ್ಯಾಸೆಟ್‌ಗೆ ಹಳೇ 8, 9, 10 ಸ್ಪೀಡ್ ಫ್ರೀಹಬ್‌ಗಿಂತ 1.85 ಮಿಲಿಮೀಟರ್ ಜಾಸ್ತಿ ಅಗಲ ಬೇಕು. ನನ್ನ ಹಳೇ ಕ್ಯಾಸೆಟ್ ಬಿಚ್ಚಿಸಿದಾಗ ಹಿಂದೆ ಅಷ್ಟೇ ದಪ್ಪದ, ಜಾಗ ತುಂಬುವ ಒಂದು ಸ್ಪೇಸರ್ ರಿಂಗ್ ಸಿಕ್ಕಿತು. ಅಂದರೆ ವೀಲ್ 11 ಸ್ಪೀಡ್‌ಗೆ ರೆಡಿ ಇತ್ತು. ಮಂಡ್ಯದ ನನ್ನ ಗೆಳೆಯನ ವೀಲ್‌ನಲ್ಲಿ ಆ ಸ್ಪೇಸರ್ ಇರಲಿಲ್ಲ. ಅವನು ಹೊಸ ವೀಲ್ ತಗೊಳ್ಳುವ ಯೋಚನೆಯಲ್ಲಿದ್ದ. ಆದರೆ ಶಿಮಾನೊದ ಎಚ್‌ಜಿ700 ಅನ್ನುವ 11-34 ಕ್ಯಾಸೆಟ್ ಹಳೇ ಫ್ರೀಹಬ್ ಮೇಲೂ ಕೂರುತ್ತದೆ, ಅದರ ದೊಡ್ಡ ಚಕ್ರ ಒಳಕ್ಕೆ ಬಾಗಿರುತ್ತದೆ. ಅದನ್ನೇ ಹಾಕಿಸಿದ. ಈಗ ಮೇಲುಕೋಟೆ ಬೆಟ್ಟ ಅವನಿಗೆ 34-34ರಲ್ಲಿ ಆರಾಮ. ವೀಲಿನ ದುಡ್ಡು ಉಳಿಯಿತು. ಇಂಥ ಕ್ಯಾಸೆಟ್‌ಗೆ ಹಿಂದಿನ ಡಿರೇಲರ್ ಜಿಎಸ್ ಅಂತ ಬರುವ ಉದ್ದ ಕೇಜ್ (ಚೈನು ಬಿಗಿ ಹಿಡಿಯುವ ಕೆಳಗಿನ ತೋಳು) ಇರುವುದೇ ಬೇಕು. ಆರ್7000ದಲ್ಲಿ ಗಿಡ್ಡ ಕೇಜ್‌ನ ಎಸ್‌ಎಸ್ 30 ಹಲ್ಲಿನವರೆಗೆ, ಜಿಎಸ್ 34ರವರೆಗೆ.

ಈಗ ಓಡಿಸಿದಾಗ ಹೇಗಿದೆ? ತಾವರೆಕಟ್ಟೆ ಕಡೆಯಿಂದ ಚಾಮುಂಡಿ ಬೆಟ್ಟ ಹತ್ತುವಾಗ 28ರ ಜಾಗದಲ್ಲಿ 32 ಇರುವುದು ತುಂಬಾ ಗೊತ್ತಾಗುತ್ತದೆ. ಅದೇ ವೇಗಕ್ಕೆ ತುಳಿಯುವ ಭಾರದಲ್ಲಿ ಎಂಟನೇ ಒಂದು ಪಾಲು ಕಡಿಮೆ. ಅರ್ಧ ಏರು ದಾಟಿದ ಮೇಲೂ ಕೂತೇ ತುಳಿಯಬಹುದು, ನನಗೆ ಬೇಕಾಗಿದ್ದು ಅದೇ. ಶಿಫ್ಟಿಂಗ್ ಚುರುಕಾಗಿದೆ, ಏರಿನಲ್ಲಿ ಭಾರ ಬಿದ್ದಾಗಲೂ ಚೈನು ತಡವರಿಸೋದಿಲ್ಲ. ಸಪಾಟು ರಸ್ತೆಯಲ್ಲಿ ಒಂದು ಕೊರತೆ ಇದೆ. 11-32 ಕ್ಯಾಸೆಟ್‌ಗಳಲ್ಲಿ ಸಾಮಾನ್ಯವಾಗಿ 14 ಆದ ಮೇಲೆ ಸೀದಾ 16, ನಡುವೆ 15 ಇಲ್ಲ. ಎದುರುಗಾಳಿಯಲ್ಲಿ ಒಂದು ಗೇರ್ ಭಾರ, ಇನ್ನೊಂದು ಹಗುರ ಅನ್ನಿಸುತ್ತದೆ. ಇದು ಬ್ರ್ಯಾಂಡಿನ ತಪ್ಪಲ್ಲ, ಬೆಟ್ಟದ ಗೇರ್ ಬೇಕು ಅಂದರೆ ಎಲ್ಲೋ ಒಂದು ಕಡೆ ಬಿಟ್ಟುಕೊಡಲೇಬೇಕು.

ಜೋಡಿಸಿದ ಶುರುವಿನಲ್ಲಿ ನಡುವಿನ ಗೇರ್‌ಗಳಲ್ಲಿ ಕಟಕಟ ಸದ್ದು ಬರುತ್ತಿತ್ತು. ಜೋಡಿಸಿಕೊಟ್ಟ ಅಂಗಡಿಯಲ್ಲಿ ‘ಬೇರೆ ಬ್ರ್ಯಾಂಡ್ ಹಾಕ್ಸಿದೀರಲ್ಲ ಸಾರ್, ಹಂಗೇ ಆಗೋದು’ ಅಂದರು, ಸ್ಕ್ರೂ ತಿರುಗಿಸಿ ತಿರುಗಿಸಿ ಕಳಿಸಿದರು. ಸದ್ದು ಹೋಗಲಿಲ್ಲ. ಇನ್ನೊಬ್ಬ ಮೆಕ್ಯಾನಿಕ್ ಅಣ್ಣ ಸ್ಕ್ರೂ ಮುಟ್ಟಲೇ ಇಲ್ಲ. ಹಿಂದಿನ ಡಿರೇಲರ್ ಬಿಚ್ಚಿ, ಹ್ಯಾಂಗರ್‌ಗೆ (ಡಿರೇಲರ್ ಅನ್ನು ಫ್ರೇಮಿಗೆ ಹಿಡಿಸುವ ಕೊಂಡಿ) ಅಳತೆಯ ಗೇಜ್ ಸಿಕ್ಕಿಸಿ, ರಿಮ್ಮಿನ ಸುತ್ತ ತಿರುಗಿಸಿ ತೋರಿಸಿದರು. ಹ್ಯಾಂಗರ್ ಒಳಗಡೆಗೆ ಬಾಗಿತ್ತು! ನೆಟ್ಟಗೆ ಮಾಡಿ ಕೇಬಲ್ ಟೆನ್ಷನ್ ಕೂರಿಸಿದ ಮೇಲೆ ಸದ್ದು ಮಾಯ. 9 ಸ್ಪೀಡ್‌ನಲ್ಲಿ ಚಕ್ರಗಳ ನಡುವೆ ಜಾಗ ಜಾಸ್ತಿ, ಸ್ವಲ್ಪ ಸೊಟ್ಟ ಇದ್ದರೂ ನಡೆದುಹೋಗುತ್ತೆ. 11ರಲ್ಲಿ ನಡೆಯಲ್ಲ. ಅದಕ್ಕೇ ಹೇಳೋದು, ಗೇರ್ ಬದಲಿಸುವ ಮೊದಲೇ ಹ್ಯಾಂಗರ್ ಚೆಕ್ ಮಾಡಿಸಿ, ಬ್ರ್ಯಾಂಡಿನ ಮೇಲೆ ಗೂಬೆ ಕೂರಿಸುವವರ ಮಾತು ಆಮೇಲೆ ಕೇಳಿ.

ಕೆಎಂಸಿ ಚೈನ್ ಬಗ್ಗೆ ದೂರಿಲ್ಲ. ಕೈಯಲ್ಲೇ ಹಾಕುವ ಜಾಯಿಂಟ್ ಲಿಂಕ್ ಜೊತೆಗೇ ಬರುತ್ತದೆ, ಆದರೆ ಮತ್ತೆ ಬಳಸುವಂಥದ್ದೂ ಇದೆ, ಒಂದೇ ಸಲದ್ದೂ ಇದೆ, ಪ್ಯಾಕೆಟ್ ನೋಡಿಕೊಳ್ಳಿ. ಚೈನಿನ ಸವೆತ ಅಳೆಯುವ ಚೆಕರ್‌ನಲ್ಲಿ ಶೇಕಡಾ 0.5 ಬಂದ ತಕ್ಷಣ ಬದಲಿಸಿದರೆ ಕ್ಯಾಸೆಟ್ ಬಾಳುತ್ತದೆ. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ಊರ ರಸ್ತೆಗಳಲ್ಲಿ ಮಣ್ಣು ಜಾಸ್ತಿ, ಒರೆಸಿ ಎಣ್ಣೆ ಬಿಡದೇ ಇದ್ದರೆ ಯಾವ ಬ್ರ್ಯಾಂಡೂ ಉಳಿಯಲ್ಲ.

ಇನ್ನು ಕ್ರ್ಯಾಂಕ್. 9 ಸ್ಪೀಡ್ ಕ್ರ್ಯಾಂಕ್ ಮೇಲೆ 11 ಸ್ಪೀಡ್ ಚೈನು ಓಡಿಸುವುದು ಕಂಪನಿಯ ಲೆಕ್ಕದಲ್ಲಿ ಒಪ್ಪುವ ಮಾತಲ್ಲ, ಚೈನು ತೆಳ್ಳಗಿರುವುದರಿಂದ ಎರಡು ರಿಂಗ್ ನಡುವೆ ಸಿಕ್ಕಿಕೊಳ್ಳುವ ಸಾಧ್ಯತೆ ಇದೆ. ನನ್ನದರಲ್ಲಿ ಇದುವರೆಗೂ ಸಿಕ್ಕಿಕೊಂಡಿಲ್ಲ, 34ರಿಂದ 50ಕ್ಕೆ ಏರುವಾಗ ಮಾತ್ರ ಅರೆಕ್ಷಣ ನಿಧಾನ. ಹಲ್ಲು ಸವೆಯುವವರೆಗೆ ಇದನ್ನೇ ಓಡಿಸಿ, ಆಮೇಲೆ 105ರ ಕ್ರ್ಯಾಂಕ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹಾಕಿಸುತ್ತೇನೆ.